ಝೂ ಇರಬೇಕಾ, ಬೇಡ್ವಾ? ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಲ ಮೃಗಾಲಯದ ಬಗ್ಗೆ ಬಂದ ಪ್ರಶ್ನೆಗಳೇ ಜಾಸ್ತಿ, ಅದಕ್ಕೇ ಇಡೀ ಅಂಕಣ ಅದಕ್ಕೇ ಕೊಟ್ಬಿಟ್ಟಿದ್ದೀವಿ. ಒಂದೇ ಥರದ ಪ್ರಶ್ನೆಗಳನ್ನ ಸೇರಿಸಿ ಒಂದು ಮಾಡಿದ್ದೀವಿ.

ಪ್ರಶ್ನೆ: ಪ್ರಪಂಚದ ಮೊದಲನೇ ಝೂ ಯಾವುದು? ಒಂದೊಂದು ಕಡೆ ಒಂದೊಂದು ಥರ ಬರೆದಿದ್ದಾರೆ, ಯಾವುದನ್ನ ನಂಬೋದು?

ರಾಜ ತನಗೋಸ್ಕರ ಸಾಕಿಕೊಂಡಿದ್ದನ್ನೂ ಲೆಕ್ಕಕ್ಕೆ ತಗೊಂಡ್ರೆ ಈಜಿಪ್ಟಿನ ಹೈರಾಕಾನ್‌ಪೊಲಿಸ್ ಅನ್ನೋ ಪುರಾತನ ಪಟ್ಟಣಕ್ಕೆ ಹೋಗ್ಬೇಕಾಗುತ್ತೆ. ಅಲ್ಲಿನ ಸಮಾಧಿಗಳನ್ನ ಅಗೆದಾಗ ಸುಮಾರು 5,500 ವರ್ಷ ಹಳೇ ಆನೆ, ನೀರಾನೆ, ಬಬೂನ್ ಕೋತಿ, ಕಾಡುಬೆಕ್ಕುಗಳ ಮೂಳೆ ಸಿಕ್ಕಿವೆ. ಬಬೂನ್‌ಗಳ ಮೂಳೆ ಮುರಿದು ಆಮೇಲೆ ಕೂಡಿಕೊಂಡಿರೋ ಗುರುತು ಇದೆ, ಕಾಡಲ್ಲಿ ಅಂಥ ಏಟು ಬಿದ್ದ ಪ್ರಾಣಿ ವಾಸಿಯಾಗೋವರೆಗೂ ಬದುಕಿರೋದೇ ಕಷ್ಟ, ಅಂದ್ರೆ ಯಾರೋ ಅವನ್ನ ಕಟ್ಟಿಹಾಕಿ, ಮೇವು ಹಾಕಿ ಸಾಕ್ತಾ ಇದ್ರು ಅಂತಾಯ್ತು.

ಅಲ್ಲಿಂದ ಮುಂದೆ ಸಾವಿರಾರು ವರ್ಷ ಇದೇ ಕಥೆ, ಪ್ರಾಣಿ ಅಂದ್ರೆ ದೊರೆಯ ದೌಲತ್ತು ತೋರಿಸೋ ವಸ್ತು, ಒಬ್ಬ ರಾಜ ಇನ್ನೊಬ್ಬನಿಗೆ ಕಳಿಸೋ ಕಾಣಿಕೆ. ಇಂಗ್ಲೆಂಡಿನ ಮೂರನೇ ಹೆನ್ರಿಗೆ 1235ರಲ್ಲಿ ಚಕ್ರವರ್ತಿ ಎರಡನೇ ಫ್ರೆಡ್ರಿಕ್ ಮೂರು ದೊಡ್ಡ ಬೆಕ್ಕುಗಳನ್ನ ಕಳಿಸಿದ, ದಾಖಲೇಲಿ ಚಿರತೆ ಅಂತಿದೆ, ಬಹುಶಃ ಸಿಂಹ. ಅವು ಟವರ್ ಆಫ್ ಲಂಡನ್ ಕೋಟೆ ಸೇರಿದವು. 1252ರಲ್ಲಿ ನಾರ್ವೆ ರಾಜನಿಂದ ಒಂದು ಹಿಮಕರಡಿ ಬಂತು, ಅದನ್ನ ಉದ್ದದ ಹಗ್ಗಕ್ಕೆ ಕಟ್ಟಿ ಥೇಮ್ಸ್ ನದಿಗೆ ಮೀನು ಹಿಡಿಯೋಕೆ ಬಿಡ್ತಾ ಇದ್ರು. ಆಮೇಲೆ ಫ್ರಾನ್ಸ್ ರಾಜ ಕಳಿಸಿದ ಆನೆ ಬಂತು, ಅದು ಬದುಕಿದ್ದು ಎರಡೇ ವರ್ಷ. ಆ ಕೋಟೆಯೊಳಗೆ 1835ರವರೆಗೆ, ಅಂದ್ರೆ 600 ವರ್ಷ, ಪ್ರಾಣಿಗಳನ್ನ ಇಟ್ಕೊಂಡಿದ್ರು ಅಂದ್ರೆ ಯೋಚನೆ ಮಾಡಿ, ಎಷ್ಟು ಜೀವಗಳು ಆ ಕಲ್ಲುಗೋಡೆ ನೋಡ್ತಾ ಸತ್ತಿರಬಹುದು. ಯುರೋಪಿನವರು ಮಾತ್ರ ಅಲ್ಲ, 1519ರಲ್ಲಿ ಸ್ಪೇನಿನ ಸೈನಿಕರು ಮೆಕ್ಸಿಕೋಗೆ ಹೋದಾಗ ಅಜ್ಟೆಕ್ ದೊರೆ ಮೊಕ್ಟೆಜುಮಾನ ರಾಜಧಾನೀಲಿ ಹಕ್ಕಿಗಳಿಗೇ ಬೇರೆ, ಜಾಗ್ವಾರ್ ಥರದ ಮೃಗಗಳಿಗೇ ಬೇರೆ ಮನೆಗಳಿದ್ದನ್ನ ನೋಡಿ ಬೆರಗಾಗಿ ಬರ್ಕೊಂಡಿದ್ದಾರೆ.

ಇವತ್ತಿಗೂ ನಡೀತಾ ಇರೋ ಝೂಗಳಲ್ಲಿ ಹಳೇದು ಅಂದ್ರೆ ವಿಯೆನ್ನಾದ ಷೋನ್‌ಬ್ರುನ್, 1752ರಲ್ಲಿ ಚಕ್ರವರ್ತಿ ಮೊದಲನೇ ಫ್ರಾನ್ಸಿಸ್ ಕಟ್ಟಿಸಿದ್ದು. ಅದೂ ಅರಮನೆಯವರ ಖುಷಿಗೆ ಅಂತಲೇ ಶುರುವಾಗಿ 1779ರಲ್ಲಿ ಜನರಿಗೆ ತೆರೆದದ್ದು. ನನ್ನ ಪ್ರಕಾರ ನಿಜವಾದ ತಿರುವು ಪ್ಯಾರಿಸ್‌ನಲ್ಲಿ ಆಯ್ತು, ಫ್ರೆಂಚ್ ಕ್ರಾಂತಿ ಹೊತ್ತಲ್ಲಿ ರಾಜನ ವರ್ಸೇಲ್ಸ್ ಅರಮನೆಯಲ್ಲಿ ಉಳಿದಿದ್ದ ಪ್ರಾಣಿಗಳನ್ನ 1793-94ರಲ್ಲಿ ಸಸ್ಯೋದ್ಯಾನಕ್ಕೆ ತಂದು ವಿಜ್ಞಾನಿಗಳ ಕೈಗೆ ಕೊಟ್ರು, ಪ್ರಾಣಿ ರಾಜನದ್ದಲ್ಲ, ಜನರದ್ದು, ಕಲಿಯೋಕೆ ಇರೋದು ಅನ್ನೋ ಮಾತು ಆಗ ಬಂತು. ಲಂಡನ್ ಝೂ 1828ರಲ್ಲಿ ಶುರುವಾಯ್ತು, ಆದರೆ ಮೊದಲು ಅದನ್ನ ನಡೆಸೋ ಪ್ರಾಣಿಶಾಸ್ತ್ರ ಸೊಸೈಟಿಯ ಮೆಂಬರ್‌ಗಳು ಮತ್ತೆ ಅವರ ಅತಿಥಿಗಳಿಗೆ ಮಾತ್ರ, ಟಿಕೆಟ್ ತಗೊಂಡು ಯಾರು ಬೇಕಾದ್ರೂ ಹೋಗಬಹುದು ಅಂತಾಗಿದ್ದು 1847ರಲ್ಲಿ.

ಪ್ರಶ್ನೆ: ಮನುಷ್ಯರನ್ನೂ ಝೂನಲ್ಲಿ ಇಟ್ಟು ತೋರಿಸ್ತಿದ್ರು ಅಂತ ಕೇಳಿದೆ. ನಿಜಾನಾ, ಸುಮ್ನೆ ಹಬ್ಬಿಸಿದ್ದಾ?

ನಿಜ. ಜರ್ಮನಿಯ ಪ್ರಾಣಿ ವ್ಯಾಪಾರಿ ಕಾರ್ಲ್ ಹಾಗೆನ್‌ಬೆಕ್ 1870ರ ದಶಕದಲ್ಲಿ ಉತ್ತರ ಯುರೋಪಿನ ಸಾಮಿ ಜನರನ್ನ ಅವರ ಹಿಮಸಾರಂಗಗಳ ಜೊತೆ ಕರೆಸಿ ಪ್ರದರ್ಶನ ಮಾಡಿದ, ದುಡ್ಡು ಬಂತು, ಆಮೇಲೆ ಬೇರೆ ಬೇರೆ ಖಂಡದ ಜನರನ್ನ ಹೀಗೇ ತಂದು ಯುರೋಪಿನ ಊರೂರಲ್ಲಿ ತೋರಿಸಿದ್ರು. 1906ರಲ್ಲಿ ನ್ಯೂಯಾರ್ಕಿನ ಬ್ರಾಂಕ್ಸ್ ಝೂ, ಕಾಂಗೋದಿಂದ ತಂದಿದ್ದ ಓಟಾ ಬೆಂಗಾ ಅನ್ನೋ ಯುವಕನನ್ನ ಕೋತಿಗಳ ಮನೆಯಲ್ಲಿ ಒರಾಂಗುಟಾನ್ ಜೊತೆ ಇಟ್ಟು ತೋರಿಸ್ತು. ಸಾವಿರಾರು ಜನ ನೋಡೋಕೆ ಹೋದ್ರು. ಕರಿಯ ಜನಾಂಗದ ಪಾದ್ರಿಗಳು ಸುಮ್ನಿರದೆ ಗಲಾಟೆ ಮಾಡಿದ ಮೇಲೆ ನಿಲ್ಲಿಸಿದ್ರು. ಓಟಾ ಬೆಂಗಾಗೆ ಊರಿಗೆ ವಾಪಸ್ ಹೋಗೋಕೆ ಆಗಲೇ ಇಲ್ಲ, 1916ರಲ್ಲಿ ಆತ್ಮಹತ್ಯೆ ಮಾಡ್ಕೊಂಡ. ಆ ಝೂ ನಡೆಸೋ ಸಂಸ್ಥೆ ಕ್ಷಮೆ ಕೇಳಿದ್ದು 2020ರಲ್ಲಿ. ಝೂಗಳ ಚರಿತ್ರೆ ಬರೆಯೋರು ಎಷ್ಟೋ ಜನ ಈ ಭಾಗ ಬಿಟ್ಟೇ ಬಿಡ್ತಾರೆ, ಬಿಡಬಾರದು ಅನ್ನೋದು ನನ್ನ ಅಭಿಪ್ರಾಯ, ಯಾಕಂದ್ರೆ ಬೇಲಿ ಆಚೆ ಇರೋರಿಗೆ ನೋವೇ ಇಲ್ಲ ಅಂದ್ಕೊಂಡು ನೋಡೋ ಚಟ ಎಲ್ಲಿವರೆಗೆ ಹೋಗಬಹುದು ಅಂತ ಇದರಿಂದ ಗೊತ್ತಾಗುತ್ತೆ.

ಪ್ರಶ್ನೆ: ಮೊದಲೆಲ್ಲ ಕಬ್ಬಿಣದ ಬೋನು ಇರ್ತಿತ್ತು, ಈಗ ಕಂದಕ, ಗಾಜು, ಬಂಡೆ, ಮರ. ಈ ಬದಲಾವಣೆ ಯಾರು ತಂದಿದ್ದು?

ಇದಕ್ಕೂ ಅದೇ ಹಾಗೆನ್‌ಬೆಕ್ ಹೆಸರು ಹೇಳ್ಬೇಕಾಗುತ್ತೆ. 1907ರಲ್ಲಿ ಹ್ಯಾಂಬರ್ಗ್ ಹತ್ತಿರ ಅವನು ತೆರೆದ ಪಾರ್ಕಲ್ಲಿ ಸರಳುಗಳೇ ಇರಲಿಲ್ಲ, ಪ್ರಾಣಿ ಎಷ್ಟು ದೂರ, ಎಷ್ಟು ಎತ್ತರ ಹಾರುತ್ತೆ ಅಂತ ಮೊದಲೇ ಅಳೆದು ಅದಕ್ಕಿಂತ ಅಗಲದ ಕಂದಕ ತೋಡಿಸಿದ್ದ, ಹಿಂದೆ ಕೃತಕ ಬಂಡೆಗಳು. ನೋಡೋರಿಗೆ ಜಿಂಕೆ, ಸಿಂಹ ಎಲ್ಲಾ ಒಂದೇ ಬಯಲಲ್ಲಿ ಇದ್ದಂಗೆ ಕಾಣ್ತಿತ್ತು. ಆದರೆ ಗಮನಿಸಿ, ಅದು ನೋಡೋರ ಕಣ್ಣಿಗೆ ಮಾಡಿದ ಬದಲಾವಣೆ.

ಪ್ರಾಣಿಯ ಕಡೆಯಿಂದ ಯೋಚನೆ ಮಾಡಿದೋರು ಸ್ವಿಟ್ಜರ್ಲೆಂಡಿನ ಪ್ರಾಣಿ ವಿಜ್ಞಾನಿ ಹೈನಿ ಹೆಡಿಗರ್, 1940ರ ದಶಕದಲ್ಲಿ. ಬರೀ ಎಷ್ಟು ಚದರಡಿ ಅಂತ ನೋಡಿದ್ರೆ ಸಾಲದು, ಒಳಗೆ ಬಚ್ಚಿಟ್ಕೊಳ್ಳೋಕೆ ಮರೆ ಇದೆಯಾ, ಉಜ್ಜಿಕೊಳ್ಳೋಕೆ ಮರ ಇದೆಯಾ, ಜನ ಹತ್ತಿರ ಬಂದಾಗ ದೂರ ಸರಿಯೋಕೆ ಜಾಗ ಇದೆಯಾ ಅನ್ನೋದೂ ಮುಖ್ಯ ಅಂತ ಹೇಳಿದ್ರು. ಪ್ರತಿ ಪ್ರಾಣಿಗೂ ಒಂದು ಅಂತರ ಇರುತ್ತೆ, ಅದಕ್ಕಿಂತ ಹತ್ತಿರ ಬಂದ್ರೆ ಓಡಬೇಕು ಅನ್ಸುತ್ತೆ, ಓಡೋಕೆ ಜಾಗವೇ ಇಲ್ಲದಿದ್ರೆ ಅದು ದಿನವಿಡೀ ಭಯದಲ್ಲೇ ಇರುತ್ತೆ. ಇಷ್ಟು ಸರಳ ವಿಷಯ ಅರ್ಥ ಆಗೋಕೆ ಷೋನ್‌ಬ್ರುನ್ ಕಟ್ಟಿ ಸುಮಾರು 190 ವರ್ಷ ಬೇಕಾಯ್ತು.

ಚೆನ್ನಾಗಿ ಕಾಣೋದು ಬೇರೆ, ಪ್ರಾಣಿಗೆ ಒಗ್ಗೋದು ಬೇರೆ ಅನ್ನೋಕೆ ಲಂಡನ್ ಝೂನ ಪೆಂಗ್ವಿನ್ ಕೊಳಕ್ಕಿಂತ ಒಳ್ಳೇ ಉದಾಹರಣೆ ನನಗೆ ಗೊತ್ತಿಲ್ಲ. 1934ರಲ್ಲಿ ಆರ್ಕಿಟೆಕ್ಟ್ ಲುಬೆಟ್ಕಿನ್ ಮತ್ತೆ ಅವರ ತಂಡ ಕಾಂಕ್ರೀಟಲ್ಲಿ ಮಾಡಿದ್ದು, ಒಂದರ ಮೇಲೊಂದು ಸುತ್ತಿಕೊಂಡ ಎರಡು ಇಳಿಜಾರು, ವಾಸ್ತುಶಿಲ್ಪದ ಪುಸ್ತಕಗಳಲ್ಲಿ ಇವತ್ತಿಗೂ ಅದರ ಫೋಟೋ ಇರುತ್ತೆ, ಆದರೆ ಕಾಂಕ್ರೀಟ್ ಮೇಲೆ ನಡೆದೂ ನಡೆದೂ ಹಕ್ಕಿಗಳ ಅಂಗಾಲಿಗೆ ಸೋಂಕು. 2004ರಲ್ಲಿ ಪೆಂಗ್ವಿನ್‌ಗಳನ್ನ ಬೇರೆ ಕಡೆ ಸಾಗಿಸಿದ್ರು, ಕಟ್ಟಡ ಮಾತ್ರ ಸಂರಕ್ಷಿತ ಸ್ಮಾರಕ ಆಗಿರೋದರಿಂದ ಕೆಡವೋ ಹಾಗಿಲ್ಲ, ಖಾಲಿ ನಿಂತಿದೆ.

1970ರ ದಶಕದ ಕೊನೇಲಿ ಅಮೆರಿಕದ ಸಿಯಾಟಲ್‌ನಲ್ಲಿ ಗೊರಿಲ್ಲಾಗಳಿಗೆ ನಿಜವಾದ ಗಿಡಮರ ಬೆಳೆಸಿದ ಜಾಗ ಮಾಡಿದ್ರು. ಗೊರಿಲ್ಲಾಗಳು ಎಲ್ಲಾ ಕಿತ್ತುಹಾಕ್ತವೆ, ಮರ ಹತ್ತಿ ಬಿದ್ದುಬಿಡ್ತವೆ ಅಂತ ಹೆದರಿಸಿದೋರು ಬಹಳ ಜನ. ಹಾಗೇನೂ ಆಗಲಿಲ್ಲ, ಇವತ್ತು ಒಳ್ಳೇ ಝೂಗಳೆಲ್ಲ ಅದೇ ದಾರಿ ಹಿಡಿದಿವೆ.

ಪ್ರಶ್ನೆ: ಈಗ ಟಿವಿ, ಮೊಬೈಲಲ್ಲೇ ಎಲ್ಲಾ ಪ್ರಾಣಿ ನೋಡಬಹುದು. ಹಾಗಿದ್ಮೇಲೆ ಝೂ ಯಾಕೆ ಬೇಕು ಹೇಳಿ? ಮುಚ್ಚಿಬಿಟ್ರೆ ಏನಾಗುತ್ತೆ?

ಬರೀ ನೋಡೋಕೆ ಅಂತಾದ್ರೆ ಬೇಡ, ನಿಮ್ಮ ಮಾತು ಒಪ್ತೀನಿ. ಆದರೆ ಇನ್ನೊಂದು ಕೆಲಸ ಇದೆ, ಅದನ್ನ ಹೇಳೋಕೆ ಮುಂಚೆ ಮೂರು ಸಾವಿನ ಬಗ್ಗೆ ಹೇಳ್ಬೇಕು. ಕ್ವಾಗಾ ಅಂತ ಒಂದು ಪ್ರಾಣಿ ಇತ್ತು, ಮುಂಭಾಗಕ್ಕೆ ಮಾತ್ರ ಪಟ್ಟೆ ಇರೋ ಒಂದು ಬಗೆಯ ಜೀಬ್ರಾ, ಅದರಲ್ಲಿ ಕೊನೇದು 1883ರಲ್ಲಿ ಆಮ್‌ಸ್ಟರ್‌ಡ್ಯಾಮ್ ಝೂನಲ್ಲಿ ಸತ್ತಿತು, ಅದೇ ಕೊನೇದು ಅಂತ ಆಗ ಯಾರಿಗೂ ಗೊತ್ತೇ ಇರಲಿಲ್ಲ. ಆಕಾಶ ಮುಚ್ಚೋ ಹಾಗೆ ಹಾರ್ತಿದ್ದ ಪ್ಯಾಸೆಂಜರ್ ಪಾರಿವಾಳದ ಕೊನೇ ಹಕ್ಕಿ ಮಾರ್ತಾ, 1914ರ ಸೆಪ್ಟೆಂಬರ್ 1ರಂದು ಸಿನ್‌ಸಿನಾಟಿ ಝೂನಲ್ಲಿ ಸತ್ತಿತು, ಐಸ್ ಗಡ್ಡೆಯೊಳಗೆ ಇಟ್ಟು ಮ್ಯೂಸಿಯಮ್ಮಿಗೆ ಕಳಿಸಿದ್ರು. ಟಾಸ್ಮೇನಿಯಾದ ಥೈಲಸೀನ್, ಬೆನ್ನ ಮೇಲೆ ಹುಲಿ ಪಟ್ಟೆ ಇದ್ದ ಪ್ರಾಣಿ, ಕೊನೇದು 1936ರ ಸೆಪ್ಟೆಂಬರ್‌ನಲ್ಲಿ ಹೋಬಾರ್ಟ್ ಝೂನಲ್ಲಿ ಸತ್ತಿತು, ಆ ಜಾತಿಗೆ ಕಾನೂನಿನ ರಕ್ಷಣೆ ಸಿಕ್ಕಿ ಆಗ ಎರಡು ತಿಂಗಳೂ ಆಗಿರಲಿಲ್ಲ. ಮೂರೂ ಕಡೆ ಝೂ ಇತ್ತು, ಕೀಪರ್ ಇದ್ದ, ಟಿಕೆಟ್ ಕೌಂಟರ್ ಇತ್ತು, ಒಂದು ಜಾತಿಯನ್ನ ಉಳಿಸಬೇಕು ಅನ್ನೋ ಯೋಚನೆ ಮಾತ್ರ ಹೊತ್ತಿಗೆ ಸರಿಯಾಗಿ ಬರಲಿಲ್ಲ.

ಯೋಚನೆ ಬಂದಾಗ ಏನಾಗುತ್ತೆ ಅನ್ನೋಕೆ ಯುರೋಪಿನ ಕಾಡುಕೋಣ, ಅಂದ್ರೆ ಅಲ್ಲಿನ ಬೈಸನ್, ನೋಡಿ. ಮೊದಲ ಮಹಾಯುದ್ಧದ ಹೊತ್ತಲ್ಲಿ ಪೋಲೆಂಡಿನ ಬಿಯಾಲೊವೀಝಾ ಕಾಡಿನಲ್ಲಿ ಸೈನಿಕರು, ಕಳ್ಳ ಬೇಟೆಗಾರರು ಕೊಂದೂ ಕೊಂದೂ ಅಲ್ಲಿನ ಕೊನೇದು 1919ರಲ್ಲಿ ಹೋಯ್ತು, ಕಾಕಸಸ್ ಬೆಟ್ಟಗಳಲ್ಲಿ ಉಳಿದಿದ್ದೂ 1927ಕ್ಕೆ ಮುಗೀತು. ಝೂಗಳಲ್ಲಿ, ಖಾಸಗಿ ಪಾರ್ಕುಗಳಲ್ಲಿ ಐವತ್ತು ಚಿಲ್ಲರೆ ಉಳಿದಿದ್ವು. ಅವನ್ನ ಒಟ್ಟು ಹಾಕಿ, ಪ್ರತಿಯೊಂದರ ತಂದೆ ತಾಯಿ ಯಾರು ಅಂತ ಪುಸ್ತಕದಲ್ಲಿ ಬರೆದಿಟ್ಟು, ಹತ್ತಿರದ ಸಂಬಂಧದಲ್ಲಿ ಕೂಡಿಸದ ಹಾಗೆ ನೋಡಿಕೊಂಡು ಮರಿ ಮಾಡಿಸಿ 1952ರಿಂದ ಮತ್ತೆ ಕಾಡಿಗೆ ಬಿಟ್ರು. ಇವತ್ತು ಇರೋ ಸಾವಿರಾರು ಕಾಡುಕೋಣಗಳೆಲ್ಲ ಬರೀ 12 ಪ್ರಾಣಿಗಳ ಸಂತಾನ. ಆ ಪುಸ್ತಕಕ್ಕೆ ಸ್ಟಡ್‌ಬುಕ್ ಅಂತಾರೆ, ಹೊರಗಿನೋರಿಗೆ ಬೋರಿಂಗ್ ಅನ್ಸೋ ಕೆಲಸ, ಆದರೆ ಝೂಗಳು ಇಲ್ಲಿವರೆಗೆ ಮಾಡಿರೋ ಅತ್ಯಂತ ಮುಖ್ಯವಾದ ಕೆಲಸ ಅದೇ ಅಂತ ನಾನು ನಂಬಿದ್ದೀನಿ. ಮಂಗೋಲಿಯಾದ ಕಾಡುಕುದುರೆ ಪ್ರಜೆವಾಲ್‌ಸ್ಕಿಯದ್ದೂ ಇದೇ ದಾರಿ, 1960ರ ದಶಕದ ಕೊನೆಗೆ ಕಾಡಲ್ಲಿ ಕಾಣದಂಗೆ ಆಗಿ, 1992ರಿಂದ ಯುರೋಪಿನಲ್ಲಿ ಬೆಳೆದ ಕುದುರೆಗಳನ್ನ ವಿಮಾನದಲ್ಲಿ ತಂದು ಮತ್ತೆ ಅದೇ ಹುಲ್ಲುಗಾವಲಿಗೆ ಬಿಟ್ರು.

ಕ್ಯಾಲಿಫೋರ್ನಿಯಾ ಕಾಂಡೋರ್ ಅನ್ನೋ ದೈತ್ಯ ರಣಹದ್ದು 1982ರಲ್ಲಿ 22 ಮಾತ್ರ ಉಳಿದಿತ್ತು. ಎಲ್ಲವನ್ನೂ ಹಿಡಿದು ಝೂಗೆ ತರಬೇಕಾ ಅಂತ ದೊಡ್ಡ ಜಗಳವೇ ಆಯ್ತು, ಕಾಡಿಲ್ಲದ ಕಾಂಡೋರ್ ಕಾಂಡೋರೇ ಅಲ್ಲ, ಮರ್ಯಾದೆಯಿಂದ ಸಾಯೋಕೆ ಬಿಡಿ ಅಂದೋರೂ ಇದ್ರು. 1987ರಲ್ಲಿ ಕೊನೇದನ್ನೂ ಹಿಡಿದಾಗ ಒಟ್ಟು 27. ಈ ಹಕ್ಕಿ ಸಾಮಾನ್ಯವಾಗಿ ಒಂದೇ ಮೊಟ್ಟೆ ಇಡೋದು, ಆದರೆ ಆ ಮೊಟ್ಟೆ ತೆಗೆದ್ರೆ ಇನ್ನೊಂದು ಇಡುತ್ತೆ, ತೆಗೆದಿದ್ದನ್ನ ಇನ್‌ಕ್ಯುಬೇಟರ್‌ನಲ್ಲಿ ಮರಿ ಮಾಡಿ, ಮನುಷ್ಯರಿಗೆ ಒಗ್ಗಿಬಿಡಬಾರದು ಅಂತ ಕೈಗೆ ಕಾಂಡೋರ್ ತಲೆಯ ಬೊಂಬೆ ಹಾಕ್ಕೊಂಡು ಆಹಾರ ತಿನ್ನಿಸಿದ್ರು. 1992ರಲ್ಲಿ ಬಿಡುಗಡೆ ಶುರು, ಈಗ ಒಟ್ಟು 500ಕ್ಕಿಂತ ಜಾಸ್ತಿ ಇವೆ, ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಆಕಾಶದಲ್ಲಿ ಹಾರಾಡ್ತಾ ಇವೆ. ಆದರೂ ಬೇಟೆಗಾರರ ಸೀಸದ ಗುಂಡು ಹೊಕ್ಕ ಹೆಣ ತಿಂದು ಇವತ್ತಿಗೂ ಸಾಯ್ತವೆ, ಕಾಯಿಲೆಯ ಮೂಲ ಹೊರಗೇ ಇದ್ರೆ ಝೂ ಒಂದರಿಂದ ಆಗೋದಲ್ಲ.

ಅರೇಬಿಯನ್ ಓರಿಕ್ಸ್ ಅನ್ನೋ ಮರುಭೂಮಿಯ ಜಿಂಕೆ ಥರದ ಪ್ರಾಣಿಯ ಕಥೆ ಅದಕ್ಕಿಂತ ಕಹಿ. ಕಾಡಲ್ಲಿದ್ದ ಕೊನೇದನ್ನ 1972ರಲ್ಲಿ ಓಮನ್‌ನಲ್ಲಿ ಕೊಂದ್ರು, ಆದರೆ ಹತ್ತು ವರ್ಷ ಮುಂಚೆನೇ ಕೆಲವನ್ನ ಅಮೆರಿಕದ ಫೀನಿಕ್ಸ್ ಝೂನಲ್ಲಿ ಒಟ್ಟು ಮಾಡಿದ್ರು, ಅವುಗಳ ಸಂತಾನವನ್ನ 1982ರಲ್ಲಿ ಓಮನ್ ಮರುಭೂಮಿಗೆ ಬಿಟ್ರು, 1996ರ ಹೊತ್ತಿಗೆ ಸುಮಾರು 450 ಆಯ್ತು, ಅಷ್ಟರಲ್ಲಿ ಕಳ್ಳ ಬೇಟೆ ಮತ್ತೆ ಶುರುವಾಗಿ 65ಕ್ಕೆ ಇಳೀತು. ಅಭಯಾರಣ್ಯದ ಜಾಗವನ್ನೇ 90 ಪರ್ಸೆಂಟ್ ಕಡಿಮೆ ಮಾಡಿದ್ದಕ್ಕೆ 2007ರಲ್ಲಿ ಯುನೆಸ್ಕೋ ಅದನ್ನ ವಿಶ್ವ ಪರಂಪರೆ ಪಟ್ಟಿಯಿಂದಲೇ ತೆಗೆದುಹಾಕ್ತು. ಬೇರೆ ದೇಶಗಳಲ್ಲಿ ಬಿಟ್ಟ ಹಿಂಡುಗಳು ಉಳಿದವು, 2011ರಲ್ಲಿ ಅಳಿವಿನಂಚಿನ ಜೀವಿಗಳ ಪಟ್ಟಿ ಮಾಡೋ ಅಂತರರಾಷ್ಟ್ರೀಯ ಸಂಸ್ಥೆ ಐಯುಸಿಎನ್ ಇದರ ಅಪಾಯದ ಮಟ್ಟ ಇಳಿಸಿದೆ ಅನ್ನೋದು ಸಮಾಧಾನ.

ಇನ್ನೊಂದು ಉಪಯೋಗ ಜನರಿಗೆ ಗೊತ್ತೇ ಇರಲ್ಲ. 1999ರಲ್ಲಿ ನ್ಯೂಯಾರ್ಕಲ್ಲಿ ಕಾಗೆಗಳು ಸಾಯ್ತಾ ಇದ್ದಾಗ, ಬ್ರಾಂಕ್ಸ್ ಝೂನಲ್ಲಿ ಫ್ಲೆಮಿಂಗೋಗಳೂ ಸತ್ತಾಗ, ಅಲ್ಲಿನ ಡಾಕ್ಟರು ಇದು ಮನುಷ್ಯರಿಗೆ ಬಂದಿರೋ ಮಿದುಳಿನ ಜ್ವರಕ್ಕೆ ಸಂಬಂಧ ಇರೋದು ಅಂತ ಪಟ್ಟು ಹಿಡಿದ್ರು. ಆಮೇಲೆ ಗೊತ್ತಾಯ್ತು, ಅದು ಅಮೆರಿಕ ಖಂಡಕ್ಕೆ ಮೊದಲ ಸಲ ಬಂದಿದ್ದ ವೆಸ್ಟ್ ನೈಲ್ ವೈರಸ್.

ಪ್ರಶ್ನೆ: ಕೆಲವು ಪ್ರಾಣಿ ಬೇಲಿ ಪಕ್ಕ ಅಲ್ಲಿಂದ ಇಲ್ಲಿಗೆ, ಇಲ್ಲಿಂದ ಅಲ್ಲಿಗೆ ಸುಮ್ನೆ ನಡೀತಾನೇ ಇರುತ್ತೆ. ಅದು ಹಸಿವಾ, ಏನು?

ಕೀಪರ್ ಬರೋ ಹೊತ್ತಾದ್ರೆ ಹಸಿವೂ ಇರಬಹುದು. ಆದರೆ ಅದೇ ದಾರಿ, ಅದೇ ತಿರುವು, ಗಂಟೆಗಟ್ಟಲೆ ಅಂದ್ರೆ ಅದು ಮನಸ್ಸಿನ ತೊಂದರೆಯ ಲಕ್ಷಣ. ಆನೆ ನಿಂತಲ್ಲೇ ತೂಗಾಡೋದು, ಗಿಳಿ ತನ್ನ ಗರಿ ತಾನೇ ಕಿತ್ಕೊಳ್ಳೋದು, ಚಿಂಪಾಂಜಿ ಕೂದಲು ಕೀಳೋದು ಇವೂ ಅದೇ ಜಾತಿಗೆ ಸೇರಿದ್ದು. ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕ್ ಝೂನಲ್ಲಿ ಗಸ್ ಅಂತ ಒಂದು ಹಿಮಕರಡಿ ಇತ್ತು, 1990ರ ದಶಕದಲ್ಲಿ ಅದು ಕೊಳದಲ್ಲಿ ಎಂಟರ ಆಕಾರದಲ್ಲಿ ಈಜೋಕೆ ಶುರು ಮಾಡಿದ್ರೆ ನಿಲ್ಲಿಸ್ತಾನೇ ಇರಲಿಲ್ಲ. ಊಟವನ್ನ ಐಸ್‌ನಲ್ಲಿ ಹುದುಗಿಸಿ ಕೊಟ್ರು, ಹುಡುಕಿ ತಿನ್ನೋ ಹಾಗೆ ಬಚ್ಚಿಟ್ರು, ಆಟದ ಸಾಮಾನು ಹಾಕಿದ್ರು, ಚಟ ಕಡಿಮೆ ಆಯ್ತು, ಪೂರ್ತಿ ಹೋಗಲಿಲ್ಲ. ಈ ಥರ ಕೆಲಸ ಕೊಡೋದಕ್ಕೆ ಎನ್‌ರಿಚ್‌ಮೆಂಟ್ ಅಂತಾರೆ, ಈಗ ಒಳ್ಳೇ ಝೂಗಳಲ್ಲಿ ಅದು ದಿನನಿತ್ಯದ ಡ್ಯೂಟಿ.

2003ರಲ್ಲಿ ರಾಸ್ ಕ್ಲಬ್ ಮತ್ತು ಜಾರ್ಜಿಯಾ ಮೇಸನ್ ಅನ್ನೋ ಇಬ್ಬರು ಸಂಶೋಧಕರು ಮಾಂಸಾಹಾರಿ ಪ್ರಾಣಿಗಳ ಲೆಕ್ಕ ಹಾಕಿ ನೋಡಿದ್ರು, ಕಾಡಲ್ಲಿ ಯಾವುದು ಹೆಚ್ಚು ದೂರ ಅಲೆಯುತ್ತೋ ಅದೇ ಸೆರೆಯಲ್ಲಿ ಹೆಚ್ಚು ಓಡಾಡುತ್ತೆ, ಅದರ ಮರಿಗಳೇ ಹೆಚ್ಚು ಸಾಯ್ತವೆ ಅಂತ ಕಂಡುಬಂತು. ಹಿಮಕರಡಿಗೆ ಕಾಡಲ್ಲಿ ಸಿಗೋ ಜಾಗದ ಹತ್ತು ಲಕ್ಷದಲ್ಲಿ ಒಂದು ಪಾಲು ಝೂನಲ್ಲಿ ಸಿಗೋದು. ಆನೆಗಳ ಮೇಲೆ 2008ರಲ್ಲಿ ಬಂದ ಅಧ್ಯಯನ ಓದಿ ನನಗೆ ಬಹಳ ಬೇಜಾರಾಗಿತ್ತು, ಯುರೋಪಿನ ಝೂಗಳಲ್ಲಿ ಹುಟ್ಟಿದ ಆಫ್ರಿಕಾದ ಹೆಣ್ಣಾನೆಗಳ ಮಧ್ಯಮ ಆಯುಸ್ಸು 16.9 ವರ್ಷ, ಕೀನ್ಯಾದ ಅಂಬೋಸೆಲಿ ಕಾಡಲ್ಲಿ ಸಹಜವಾಗಿ ಸಾಯೋವಕ್ಕೆ 56 ವರ್ಷ. ಅಮೆರಿಕದ ಡೆಟ್ರಾಯಿಟ್ ಝೂ ತನ್ನ ಎರಡು ಆನೆಗಳನ್ನ 2005ರಲ್ಲಿ ಅಭಯಧಾಮಕ್ಕೆ ಕಳಿಸಿ, ಇನ್ಮೇಲೆ ನಾವು ಆನೆ ಇಡಲ್ಲ ಅಂತ ಹೇಳಿಬಿಡ್ತು. ಜನ ಬರೋದೇ ಆನೆ ನೋಡೋಕೆ ಅನ್ನೋ ಧಂಧೆಯಲ್ಲಿ ಹಾಗೆ ಹೇಳೋಕೆ ಧೈರ್ಯ ಬೇಕು. ಆನೆ, ಹಿಮಕರಡಿ, ತಿಮಿಂಗಿಲ ಈ ಮೂರನ್ನ ಝೂನಲ್ಲಿ ಇಡಬಾರದು ಅಂತ ನನ್ನ ಗಟ್ಟಿ ಅಭಿಪ್ರಾಯ, ಒಪ್ಪದೋರು ಬರೆಯಿರಿ.

ಪ್ರಶ್ನೆ: ಝೂ, ಸಫಾರಿ, ರೆಸ್ಕ್ಯೂ ಸೆಂಟರ್, ಸ್ಯಾಂಕ್ಚುರಿ ಎಲ್ಲಾ ಒಂದೇನಾ? ವ್ಯತ್ಯಾಸ ತಿಳಿಸಿ, ಮಕ್ಕಳ ಪ್ರಾಜೆಕ್ಟಿಗೆ ಬೇಕು.

ಊರೊಳಗಿನ ಹಳೇ ಝೂ ನಿಮಗೆ ಗೊತ್ತೇ ಇದೆ, ಜಾಗ ಕಡಿಮೆ, ಜಾತಿ ಜಾಸ್ತಿ. ಅದು ಸಾಲಲ್ಲ ಅಂತ ಲಂಡನ್ ಝೂನವರೇ 1931ರಲ್ಲಿ ಊರಾಚೆ ವಿಪ್ಸ್‌ನೇಡ್ ಅನ್ನೋ ಬಯಲು ಝೂ ಮಾಡಿದ್ರು. ಸಫಾರಿ ಪಾರ್ಕ್‌ನಲ್ಲಿ ಜನ ಗಾಡಿಯೊಳಗೆ, ಪ್ರಾಣಿ ಹೊರಗೆ, 1966ರಲ್ಲಿ ಇಂಗ್ಲೆಂಡಿನ ಲಾಂಗ್‌ಲೀಟ್ ಸಿಂಹಗಳನ್ನ ಇಟ್ಟು ಇದನ್ನ ಶುರು ಮಾಡಿದಾಗ ಆಫ್ರಿಕಾ ಬಿಟ್ಟು ಬೇರೆಲ್ಲೂ ಇಂಥದ್ದು ಇರಲಿಲ್ಲ. ಸಿಂಗಾಪುರದಲ್ಲಿ 1994ರಿಂದ ರಾತ್ರಿ ಮಾತ್ರ ತೆರೆಯೋ ನೈಟ್ ಸಫಾರಿ ಇದೆ, ಕತ್ತಲಲ್ಲಿ ಚುರುಕಾಗೋ ಪ್ರಾಣಿಗಳಿಗೆ ಅದು ಸರಿಯಾದ ಹೊತ್ತು. ನೀರಿನ ಜೀವಿಗಳಿಗೆ ಅಕ್ವೇರಿಯಂ, ಸಾರ್ವಜನಿಕರಿಗೆ ಅಂತ ಮೊದಲನೇದು 1853ರಲ್ಲಿ ಲಂಡನ್ ಝೂನಲ್ಲೇ ಆಗಿದ್ದು. ಹಕ್ಕಿಗಳಿಗೆ, ಹಾವುಗಳಿಗೆ, ಚಿಟ್ಟೆಗಳಿಗೆ ಬೇರೆ ಬೇರೆ ಪಾರ್ಕುಗಳಿವೆ. ಆ ಪ್ರದೇಶದ ಪ್ರಾಣಿಗಳನ್ನ ಮಾತ್ರ ಇಡೋ ಝೂಗಳೂ ಇವೆ, ಅರಿಜೋನಾದ ಸೋನೋರಾ ಮರುಭೂಮಿ ಮ್ಯೂಸಿಯಂನಲ್ಲಿ ಪ್ರಾಣಿ, ಕಳ್ಳಿ, ಕಲ್ಲು ಎಲ್ಲಾ ಅಲ್ಲಿಯದೇ, ನನಗಂತೂ ಈ ಥರದ್ದೇ ಹೆಚ್ಚು ಇಷ್ಟ. ಟಿಕೆಟ್ಟೇ ಇಲ್ಲದ, ಜನರನ್ನ ಬಿಡದ ತಳಿ ಕೇಂದ್ರಗಳೂ ಇವೆ. ಅಮೆರಿಕದ ಸ್ಯಾನ್ ಡಿಯಾಗೋದಲ್ಲಿ 1970ರ ದಶಕದಿಂದ ಫ್ರೋಜನ್ ಝೂ ಅಂತ ಇದೆ, ಅಲ್ಲಿ ಪ್ರಾಣಿ ಇಲ್ಲ, ಪ್ರಾಣಿಗಳ ಜೀವಕೋಶಗಳನ್ನ ದ್ರವ ಸಾರಜನಕದಲ್ಲಿ ಇಟ್ಟಿರ್ತಾರೆ. 1988ರಲ್ಲಿ ಇಟ್ಟಿದ್ದ ಕೋಶದಿಂದ 2020ರಲ್ಲಿ ಕಪ್ಪು ಕಾಲಿನ ಫೆರೆಟ್ ಅನ್ನೋ ಅಪರೂಪದ ಪ್ರಾಣಿಯ ಕ್ಲೋನ್ ಹುಟ್ಟಿದೆ.

ರೆಸ್ಕ್ಯೂ ಸೆಂಟರ್, ನಿಜವಾದ ಸ್ಯಾಂಕ್ಚುರಿ ಅಂದ್ರೆ ಗಾಯ ಆದ, ಸರ್ಕಸ್‌ನಿಂದ ಬಿಡಿಸಿದ ಪ್ರಾಣಿಗಳಿಗೆ ಮನೆ. ಮಾರೋದು, ಪ್ರದರ್ಶನಕ್ಕೆ ಮರಿ ಮಾಡಿಸೋದು, ಹುಲಿಮರಿ ಎತ್ಕೊಂಡು ಫೋಟೋ ತೆಗೆಸೋದು ಇಲ್ಲಿ ಇರಬಾರದು, ಇದ್ರೆ ಹೆಸರಲ್ಲಿ ಸ್ಯಾಂಕ್ಚುರಿ ಅಂತಿದ್ರೂ ಅದು ಸ್ಯಾಂಕ್ಚುರಿ ಅಲ್ಲ. ಬಿಳಿ ಹುಲಿ ತೋರಿಸಿ ಸಂರಕ್ಷಣೆ ಅಂತ ಬೋರ್ಡ್ ಹಾಕಿದ್ರೂ ಅನುಮಾನ ಪಡಿ. ಅದು ಬೇರೆ ಜಾತಿ ಅಲ್ಲ, ಬಣ್ಣದ ಜೀನ್ ಒಂದರ ವ್ಯತ್ಯಾಸ ಅಷ್ಟೇ, ಆ ಬಣ್ಣ ಉಳಿಸೋಕೆ ತಂದೆ ಮಗಳನ್ನೇ ಕೂಡಿಸಿದ್ದಾರೆ, ಅದರಿಂದ ಮೆಳ್ಳಗಣ್ಣು, ಬೆನ್ನುಮೂಳೆ ಸೊಟ್ಟ ಹೀಗೆ ನಾನಾ ತೊಂದರೆ. ಅಮೆರಿಕದ ಝೂಗಳ ಒಕ್ಕೂಟ 2011ರಲ್ಲಿ ತನ್ನ ಸದಸ್ಯರಿಗೆ ಹೀಗೆ ಬಿಳಿ ಹುಲಿ ಮರಿ ಮಾಡಿಸೋದನ್ನ ನಿಷೇಧಿಸಿದೆ.

ಪ್ರಶ್ನೆ: ಆರೋಗ್ಯವಾಗಿದ್ದ ಜಿರಾಫೆಯನ್ನ ಝೂನವರೇ ಕೊಂದು ಸಿಂಹಕ್ಕೆ ಹಾಕಿದ್ರಂತೆ, ಹೌದಾ?

ಹೌದು, 2014ರ ಫೆಬ್ರವರಿಯಲ್ಲಿ ಕೋಪನ್‌ಹೇಗನ್ ಝೂನಲ್ಲಿ, ಮಾರಿಯಸ್ ಅಂತ ಎಳೇ ವಯಸ್ಸಿನ ಗಂಡು. ಅದರ ಒಡಹುಟ್ಟಿದವು ಆಗಲೇ ಬೇಕಾದಷ್ಟಿದ್ದವು, ಇದರಿಂದಲೂ ಮರಿ ಮಾಡಿಸಿದ್ರೆ ರಕ್ತಸಂಬಂಧ ಹತ್ತಿರ ಆಗುತ್ತೆ ಅನ್ನೋದು ಅವರ ಕಾರಣ. ಬೇರೆ ಝೂಗಳು ತಗೋತೀವಿ ಅಂದ್ರೂ ಕೊಡಲಿಲ್ಲ. ಸ್ಟಡ್‌ಬುಕ್ಕನ್ನ ಮೇಲೆ ಅಷ್ಟು ಹೊಗಳಿದ್ದೀನಿ, ಅದರ ಕಷ್ಟದ ಮುಖ ಇದು. ಅಮೆರಿಕದ ಝೂಗಳು ಹೆಚ್ಚಾಗಿ ಗರ್ಭನಿರೋಧಕ ಕೊಡ್ತವೆ, ಯುರೋಪಿನ ಕೆಲವರು ಮರಿ ಸಾಕೋದು ತಾಯಿಯ ಸಹಜ ಬದುಕು, ಅದನ್ನ ತಪ್ಪಿಸಬಾರದು, ಹೆಚ್ಚಾದ್ರೆ ಕೊಲ್ಲೋಣ ಅಂತಾರೆ. ವಾದ ಅರ್ಥ ಆಗುತ್ತೆ, ಒಪ್ಪೋಕೆ ನನ್ನ ಕೈಲಿ ಆಗಲ್ಲ. ಹುಟ್ಟಿಸೋಕೆ ಮುಂಚೆನೇ ಲೆಕ್ಕ ಹಾಕಬೇಕಿತ್ತು.

ಪ್ರಶ್ನೆ: ಝೂನಲ್ಲಿ ಹುಟ್ಟಿದ ಪ್ರಾಣಿಗಳನ್ನೆಲ್ಲ ಕಾಡಿಗೆ ಬಿಟ್ಟುಬಿಟ್ರೆ ಸಮಸ್ಯೆನೇ ಮುಗೀತಲ್ವಾ?

ಬಿಟ್ಟು ನೋಡಿದ್ದಾರೆ. ಬ್ರೆಜಿಲ್‌ನ ಚಿನ್ನದ ಬಣ್ಣದ ಪುಟ್ಟ ಕೋತಿ, ಗೋಲ್ಡನ್ ಲಯನ್ ಟ್ಯಾಮರಿನ್, 1970ರ ದಶಕದಲ್ಲಿ ಕಾಡಲ್ಲಿ ಕೆಲವೇ ನೂರು ಉಳಿದಿತ್ತು. ವಾಷಿಂಗ್ಟನ್ ಝೂ ಮುಂದೆ ನಿಂತು 1984ರಿಂದ ಝೂನಲ್ಲಿ ಹುಟ್ಟಿದವನ್ನ ಬಿಡೋಕೆ ಶುರು ಮಾಡಿದ್ರು. ಪಾಪ, ಅವಕ್ಕೆ ಸಣ್ಣ ಕೊಂಬೆ ಅಲ್ಲಾಡಿದ್ರೆ ಹೇಗೆ ಹಿಡ್ಕೋಬೇಕು ಗೊತ್ತಿಲ್ಲ, ಝೂನಲ್ಲಿ ಕೊಂಬೆಗಳನ್ನ ಗಟ್ಟಿಯಾಗಿ ಕಟ್ಟಿರ್ತಿದ್ರು, ಹಣ್ಣು ಹೆಚ್ಚಿ ತಟ್ಟೇಲಿ ಇಡ್ತಿದ್ರು, ಹುಳ ಹುಡುಕೋದು ಗೊತ್ತಿಲ್ಲ, ದಾರಿ ಗೊತ್ತಿಲ್ಲ. ಬಹಳಷ್ಟು ಸತ್ತವು. ಆಮೇಲೆ ಬಿಡೋ ಮುಂಚೆ ಝೂ ಅಂಗಳದ ಮರಗಳಲ್ಲೇ ಬೇಲಿ ಇಲ್ಲದೆ ಬಿಟ್ಟು ಅಭ್ಯಾಸ ಮಾಡಿಸಿದ್ರು, ಕಾಡಲ್ಲೂ ತಿಂಗಳುಗಟ್ಟಲೆ ಆಹಾರ ಇಟ್ಟು ಕಾದ್ರು. ಬದುಕಿ ಉಳಿದವುಗಳ ಮರಿಗಳು ಕಾಡಲ್ಲೇ ಹುಟ್ಟಿದ್ದರಿಂದ ಅವಕ್ಕೆ ಯಾರೂ ಕಲಿಸಬೇಕಾಗಲಿಲ್ಲ. 2023ರ ಎಣಿಕೆಯಲ್ಲಿ ಸುಮಾರು 4,800 ಇವೆ.

ಹುಲಿಗೆ ಇದು ಇನ್ನೂ ಕಷ್ಟ, ತಾಯಿ ಜೊತೆ ಎರಡು ವರ್ಷ ಬೇಟೆ ಕಲೀದ ಹುಲಿ, ಮನುಷ್ಯನನ್ನ ಕಂಡ್ರೆ ಊಟ ಬಂತು ಅಂದ್ಕೊಳ್ಳೋ ಹುಲಿ, ಅದನ್ನ ಬಿಟ್ರೆ ಹಳ್ಳಿಗೇ ಬರುತ್ತೆ. ಮತ್ತೆ ಬಿಡೋಕೆ ಕಾಡೆಲ್ಲಿದೆ? ಟ್ಯಾಮರಿನ್‌ಗೂ ಈಗ ಅದೇ ತೊಂದರೆ, ಸಂಖ್ಯೆ ಏರಿದೆ, ಕಾಡು ಮಾತ್ರ ತುಂಡು ತುಂಡಾಗಿ ಬಿದ್ದಿದೆ, ಒಂದು ತುಂಡಿನ ಕೋತಿ ಇನ್ನೊಂದು ತುಂಡಿಗೆ ದಾಟೋ ಹಾಗಿಲ್ಲ. ಅದಕ್ಕೇ ಅಲ್ಲಿನವರು ತುಂಡುಗಳ ಮಧ್ಯೆ ಮರ ನೆಟ್ಟು ಸೇರಿಸ್ತಾ ಇದ್ದಾರೆ, 2020ರಲ್ಲಿ ದೊಡ್ಡ ಹೆದ್ದಾರಿಯೊಂದರ ಮೇಲೆ ಬರೀ ಪ್ರಾಣಿಗಳಿಗೋಸ್ಕರ ಸೇತುವೆ ಕಟ್ಟಿ ಅದರ ಮೇಲೂ ಗಿಡ ನೆಟ್ಟಿದ್ದಾರೆ.